ಹ್ಯಾಮ್ಲೆಟ್‌ಗೂ ಮುಂಚಿನ ಸ್ಮೋಕ್ತುನೋವ್‌ಸ್ಕಿ
ಸೋವಿಯತ್ ನಟ ಇನ್ನೊಕೆಂಟಿ ಸ್ಮೋಕ್ತುನೋವ್‌ಸ್ಕಿಯವರ ಕುರಿತು ನಾನು ಓದಿದ ಲೇಖನವೊಂದು, ಅವರು ಹ್ಯಾಮ್ಲೆಟ್ ಆಗಿ ನಟಿಸಿದ 1964ರ ‘ಹ್ಯಾಮ್ಲೆಟ್’ ಚಿತ್ರದಿಂದಲೇ ಶುರುವಾಗಿರುವುದು ಬೇಸರ ತಂದಿತು. ಅದಕ್ಕೂ ಮುಂಚಿನ ಬದುಕೇನು ಸಾಮಾನ್ಯವೇ? ಸೈಬೀರಿಯಾದ ಹಳ್ಳಿಯ ಹುಡುಗ. ಯುದ್ಧದಲ್ಲಿ ಜರ್ಮನರ ಸೆರೆ ಸಿಕ್ಕು, ತಪ್ಪಿಸಿಕೊಂಡು, ಉಕ್ರೇನಿನ ಒಂದು ಮನೆಯವರ ಆಸರೆಯಲ್ಲಿ ಜೀವ ಉಳಿಸಿಕೊಂಡವರು. ಮುಂದೆ ಕೊರೆಯುವ ಚಳಿಯ ನೊರಿಲ್ಸ್ಕ್ ಊರಿನ ರಂಗಭೂಮಿಯಲ್ಲಿ ವರ್ಷಗಟ್ಟಲೆ ದುಡಿದರು. 1957ರಲ್ಲಿ ಲೆನಿನ್‌ಗ್ರಾದಿನಲ್ಲಿ ನಿರ್ದೇಶಕ ತೊವ್‌ಸ್ತೊನೊಗೊವ್ ತಮ್ಮ ನಾಟಕದಲ್ಲಿ ದೊಸ್ತೊಯೆವ್‌ಸ್ಕಿಯ ‘ಈಡಿಯಟ್’ ಕಾದಂಬರಿಯ ನಾಯಕ ಪ್ರಿನ್ಸ್ ಮಿಶ್ಕಿನ್ ಪಾತ್ರ ಕೊಟ್ಟ ಮೇಲೆಯೇ ಅವರು ಮನೆಮಾತಾದದ್ದು.

ಹ್ಯಾಮ್ಲೆಟ್ ಕೊಳಲು ಹಿಡಿದು, ಬೇಹುಗಾರಿಕೆಗೆ ಬಂದ ಹಳೆಯ ಗೆಳೆಯನಿಗೆ ‘ನುಡಿಸು’ ಎನ್ನುವ ದೃಶ್ಯದಲ್ಲಿ ಆ ಕಣ್ಣುಗಳನ್ನೊಮ್ಮೆ ನೋಡಿ. ಸೆರೆಯ ದಿನಗಳನ್ನು ಕಂಡವರಿಗಲ್ಲದೆ ಅಂಥ ನೋಟ ದಕ್ಕುವುದಿಲ್ಲ ಎಂದೇ ನನ್ನ ನಂಬಿಕೆ. ಅವರು ನಟಿಸಿದ 1970ರ ‘ಅಂಕಲ್ ವಾನ್ಯಾ’ ಚಿತ್ರದ ಬಗ್ಗೆಯೂ ಲೇಖಕರು ದಯವಿಟ್ಟು ಬರೆಯಲಿ.