ಚಿರತೆಗಳ ಹಿಂದೆ ಭಾವ, ಭಾವನ ಹಿಂದೆ ನಾನು

ನಮ್ಮ ಭಾವ ಇರುವುದು ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ನಾನು ಲಂಡನ್ನಿನ ಹ್ಯಾರೋದಲ್ಲಿ. "ಒಂದ್ಸಲ ಬನ್ನಿ ಭಾವ" ಅಂತ ಕರೆದು ಕರೆದು ನನ್ನ ಗಂಟಲು ಒಣಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅವರೇ ಫೋನ್ ಮಾಡಿ, "ಬರ್ತಿದೀನಿ ಮಾರಾಯ, ಹತ್ತು ದಿನ ಇರ್ತೀನಿ" ಅಂದರು. ಖುಷಿಯಲ್ಲಿ ಅಕ್ಕನಿಗೆ ಹೇಳಿದೆ. "ಅವರು ಬರೋದು ನಿನ್ನ ನೋಡೋಕೆ ಅಂದ್ಕೊಂಡ್ಯಾ? ಚಿರತೆ ನೋಡೋಕೆ ಕಣೋ" ಅಂದಳು.

ಚಿರತೆ ಅಂದರೆ ಜಾಕ್ಸನ್‌ವಿಲ್ ಜಾಗ್ವಾರ್ಸ್, ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡ. ಜಾಗ್ವಾರ್ ಚಿರತೆಯಲ್ಲ, ಚಿರತೆಯ ದಾಯಾದಿ. ಅಕ್ಕನಿಗೆ ಅಷ್ಟೆಲ್ಲ ವ್ಯತ್ಯಾಸ ಬೇಕಿಲ್ಲ.

ಈ ತಂಡ 2013ರಿಂದ ಲಂಡನ್ನಿಗೆ ಬಂದು ಆಡುತ್ತಿದೆ. ಕೊರೋನಾದ 2020 ಒಂದು ಬಿಟ್ಟರೆ ಯಾವ ವರ್ಷವೂ ತಪ್ಪಿಸಿಲ್ಲ. ಅದೂ ಹೆಚ್ಚಾಗಿ ತನ್ನ ಹೋಮ್ ಮ್ಯಾಚನ್ನೇ ತಂದು ಆಡುತ್ತದೆ. ಭಾವನ ಹೊಟ್ಟೆಯುರಿ ಇಲ್ಲೇ. "ವರ್ಷಕ್ಕೆ ಇರೋದೇ ಎಂಟೋ ಒಂಬತ್ತೋ ಹೋಮ್ ಮ್ಯಾಚು. ನಮ್ಮ ಪಂಕ್ತಿಯಿಂದ ಒಂದು ಎಲೆ ಎತ್ತಿ ನಿಮಗೆ ಬಡಿಸ್ತಾರೆ. ನಾವು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಟೀವಿ ಮುಂದೆ ಕೂತು ಬಾಯಿ ಬಿಡಬೇಕು." ಇಲ್ಲಿ ಮಧ್ಯಾಹ್ನ ಎರಡೂವರೆ ಆದಾಗ ಅಲ್ಲಿ ಒಂಬತ್ತೂವರೆ. ಕ್ಯಾಲಿಫೋರ್ನಿಯಾದವರಿಗೆ ಆರೂವರೆ. ಅವರು ಹಲ್ಲುಜ್ಜುತ್ತಾ ನೋಡಬೇಕು ಪಾಪ.

ಆ ವರ್ಷ ಜಾಗ್ವಾರ್ಸ್ ಲಂಡನ್ನಿನಲ್ಲಿ ಎರಡು ವಾರ ಸಾಲಾಗಿ ಎರಡು ಮ್ಯಾಚ್ ಆಡಿತು. ಅದಕ್ಕೆ ಮೊದಲು ಯಾವ ತಂಡವೂ ಹಾಗೆ ವಿದೇಶದಲ್ಲಿ ಝಂಡಾ ಊರಿರಲಿಲ್ಲ. ಭಾವನೂ ಅಷ್ಟೇ, ನಮ್ಮ ಸೋಫಾದಲ್ಲಿ.

ಅಕ್ಟೋಬರ್ 1, ವೆಂಬ್ಲಿ. ಎದುರಾಳಿ ಅಟ್ಲಾಂಟಾ ಫಾಲ್ಕನ್ಸ್, ಅಂದರೆ ಗಿಡುಗಗಳು. ನಾನು ಈ ಆಟ ನೋಡಿದ್ದು ಅದೇ ಮೊದಲು. ಭಾವ ಕಬಡ್ಡಿ ಭಾಷೆಯಲ್ಲಿ ಪಾಠ ಮಾಡಿದರು. "ನಾಲ್ಕು ಸಲ ನುಗ್ಗೋ ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು." ಅರ್ಥವಾಯಿತು. ಅರ್ಥವಾಗದ್ದು ಒಂದೇ: ಚೆಂಡಿಗೂ ಪಾದಕ್ಕೂ ಹೆಚ್ಚು ಸಂಬಂಧವೇ ಇಲ್ಲದಿದ್ದರೂ ಇದು ಹೇಗೆ ಫುಟ್‌ಬಾಲ್? ಲಂಡನ್ನಿನಲ್ಲಿ ನಿಂತು ಆ ಪ್ರಶ್ನೆ ಕೇಳಬಾರದು ಅಂದರು.

ಗಡಿಯಾರದ ಲೆಕ್ಕಕ್ಕೆ ಆಟ 60 ನಿಮಿಷ. ನಾನು ಸಂಜೆ ನಾಲ್ಕಕ್ಕೆ ಮನೆಯಲ್ಲಿರುತ್ತೇನೆ ಅಂತ ಹೆಂಡತಿಗೆ ಹೇಳಿ ಬಂದಿದ್ದೆ. ಐದೂವರೆ ಹತ್ತಿರವಾದರೂ ಆಟ ಮುಗಿಯುವ ಲಕ್ಷಣ ಇರಲಿಲ್ಲ. ಐದು ಸೆಕೆಂಡ್ ಗುದ್ದಾಟ, ಅರ್ಧ ನಿಮಿಷ ಗುಂಪು ಕಟ್ಟಿ ಗುಸುಗುಸು. ನಮ್ಮೂರಿನ ಗ್ರಾಮಸಭೆಯ ಥರ.

ಇದ್ದಕ್ಕಿದ್ದಂತೆ ಒಂದು ಕಡೆಯಿಂದ "ದಿವಾ...ಳ್" ಅಂತ ಕೂಗು ಎದ್ದಿತು. ಭಾವನೂ ಎದ್ದು ನಿಂತು ಕತ್ತಿನ ನರ ಉಬ್ಬಿಸಿ ಅದನ್ನೇ ಕೂಗಿದರು. ಟಿಕೆಟ್‌ಗೆ ಕೊಟ್ಟ ದುಡ್ಡು ನೆನಪಾಗಿ, "ದಿವಾಳಿ" ಅಂತ ನಾನೂ ಮನಸಾರೆ ಕೂಗಿದೆ. ಆಮೇಲೆ ಗೊತ್ತಾಯಿತು, ಅದು "ಡೂವಾಲ್". ಜಾಕ್ಸನ್‌ವಿಲ್ ಇರುವ ಕೌಂಟಿಯ ಹೆಸರು.

ನನ್ನ ಎಡಕ್ಕೆ ಅರವತ್ತು ದಾಟಿದ ಒಬ್ಬ ಇಂಗ್ಲಿಷಿನವರು. ಹಾಕಿದ್ದು ಗ್ರೀನ್ ಬೇ ಪ್ಯಾಕರ್ಸ್ ಜರ್ಸಿ. ಸುತ್ತ ನೋಡಿದರೆ ಡಲ್ಲಾಸ್, ಡೆನ್ವರ್, ಮಯಾಮಿ, ಎಲ್ಲರೂ ಇದ್ದಾರೆ. ಆಡುತ್ತಿರುವ ಎರಡು ತಂಡ ಬಿಟ್ಟು ಬೇರೆಲ್ಲ ತಂಡದವರೇ ಜಾಸ್ತಿ ಅನ್ನಿಸಿತು. ಭಾವನಿಗೆ ತಡೆಯಲಾಗಲಿಲ್ಲ. "ನೋಡೋ, ಬೇರೆ ಮದುವೆ ಪತ್ರಿಕೆ ಹಿಡ್ಕೊಂಡು ಈ ಮದುವೆ ಊಟಕ್ಕೆ ಬಂದಿದಾರೆ" ಅಂತ ಕನ್ನಡದಲ್ಲಿ ಗೊಣಗಿದರು. ನಾನು ಸುಮ್ನಿರದೆ ಆ ಹಿರಿಯರನ್ನು ಮಾತಿಗೆಳೆದೆ.

1982ರಲ್ಲಿ ಚಾನೆಲ್ 4 ಶುರುವಾದಾಗ ಈ ಆಟ ತೋರಿಸಿತಂತೆ. ಅವತ್ತಿನಿಂದ ಅವರು ಗ್ರೀನ್ ಬೇ ಭಕ್ತ. 2007ರಲ್ಲಿ ಲೀಗ್ ಪಂದ್ಯಗಳು ಲಂಡನ್ನಿಗೆ ಬರಲು ಶುರುವಾದವು. ಮೊದಲನೆಯದು ಇದೇ ವೆಂಬ್ಲಿಯಲ್ಲಿ, ಮಳೆಯಲ್ಲಿ, ನ್ಯೂಯಾರ್ಕ್ ಜೈಂಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್. ಲೀಗಿನಲ್ಲಿರುವ 32 ತಂಡಗಳಲ್ಲಿ ಒಂದೊಂದಾಗಿ ಎಲ್ಲವೂ ಬಂದವು. ಎಲ್ಲಕ್ಕಿಂತ ಕೊನೆಗೆ, 2022ರಲ್ಲಿ, ಗ್ರೀನ್ ಬೇ ಬಂತು. "40 ವರ್ಷ ಕಾದೆ. ಬಂದರು, ಸೋತರು, ವಿಮಾನ ಹತ್ತಿದರು" ಅಂದರು ಅವರು. ಮುಖದಲ್ಲಿ ಬೇಸರವೇನೂ ಇರಲಿಲ್ಲ. ಭಾವ ತಮ್ಮ ಚಿಪ್ಸ್ ಪೊಟ್ಟಣವನ್ನು ಅವರ ಕಡೆ ಚಾಚಿದರು.

ಜಾಗ್ವಾರ್ಸ್ 23-7ರಿಂದ ಗೆದ್ದಿತು. ವಾಪಸ್ ಬರುವಾಗ ನಾನು ಸಮಾಧಾನ ಹೇಳಿದೆ. "2009ರಲ್ಲಿ ಐಪಿಎಲ್ ಇಡೀ ದಕ್ಷಿಣ ಆಫ್ರಿಕಾಕ್ಕೆ ಹೋಗಿರಲಿಲ್ವಾ ಭಾವ? ನಿಮ್ಮದು ಒಂದೆರಡು ಮ್ಯಾಚು ತಾನೇ." ಹೇಳಬಾರದಿತ್ತು. ಜೊಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ತೆಗೆದೂ ಆರ್‌ಸಿಬಿ ಆರು ರನ್ನಿನಿಂದ ಸೋತದ್ದು ನೆನಪಾಗಿ, ಗೆದ್ದ ದಿನವೂ ಭಾವ ಮಂಕಾದರು.

"ಛತ್ರದಲ್ಲಿ ಮದುವೆ ಮಾಡಿದ ಹಾಗೆ ಇದು" ಅಂದರು ಸ್ವಲ್ಪ ಹೊತ್ತಿನ ಮೇಲೆ. "ನಾವೇ ಯಜಮಾನರು. ಕೈ ತೊಳೆಯೋ ನಲ್ಲಿ ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ." ತಂಡದ ಮಾಲೀಕ ಶಾದ್ ಖಾನ್‌ಗೆ ಲಂಡನ್ನಿನ ಫುಲ್‌ಹ್ಯಾಮ್ ಸಾಕರ್ ಕ್ಲಬ್ಬೂ ಸೇರಿದೆ. 2018ರಲ್ಲಿ ಅವರು ವೆಂಬ್ಲಿ ಮೈದಾನವನ್ನೇ ಕೊಳ್ಳಲು ಹೋಗಿ, ಆಮೇಲೆ ಬೇಡವೆಂದು ಬಿಟ್ಟರು. ಛತ್ರವನ್ನೇ ಕೊಳ್ಳಲು ಹೊರಟ ಯಜಮಾನರು!

ಎರಡನೇ ಭಾನುವಾರದ ತಪ್ಪು ಪೂರ್ತಿ ನನ್ನದು. ಹೋದ ವಾರದ ಅಭ್ಯಾಸಬಲದಲ್ಲಿ ಭಾವನನ್ನು ಕರೆದುಕೊಂಡು ವೆಂಬ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದೆ. ಜರ್ಸಿ ಹಾಕಿದವರು ಒಬ್ಬರೂ ಇಲ್ಲ. "ಬೇಗ ಬಂದ್ವಿ ಭಾವ, ಒಳ್ಳೇದಾಯ್ತು" ಅಂದೆ. ಭಾವ ಫೋನಿನಲ್ಲಿದ್ದ ಟಿಕೆಟ್ ತೆಗೆದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಟಿಕೆಟ್ ಟಾಟೆನ್‌ಹ್ಯಾಮ್ ಮೈದಾನದ್ದು. ಊರಿನ ಇನ್ನೊಂದು ತುದಿ.

ಲಿವರ್‌ಪೂಲ್ ಸ್ಟ್ರೀಟ್‌ವರೆಗೆ ಒಂದು ಟ್ರೈನು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಭಾವ ಮಾತಾಡಲಿಲ್ಲ. ಹೋಗಿ ಕೂತಾಗ ಮೊದಲ ಕಾಲುಭಾಗ ಮುಗಿದಿತ್ತು. ಚಿರತೆಗಳು ಆಗಲೇ ಒಂದು ಟಚ್‌ಡೌನ್ ಹೊಡೆದಾಗಿತ್ತು, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿಯಾಗಿತ್ತು.

ಈ ಸಲ ಎದುರಾಳಿ ಬಫಲೋ ಬಿಲ್ಸ್. ನಮ್ಮ ಭಾಷೆಯಲ್ಲಿ ಎಮ್ಮೆಗಳು. ತಮಾಷೆ ಏನೆಂದರೆ ಕಾಗದದ ಮೇಲೆ ಎಮ್ಮೆಗಳೇ ಮನೆಯವರು, ಚಿರತೆಗಳು ಅತಿಥಿ. ವಾರಕ್ಕಿಂತ ಹೆಚ್ಚು ದಿನ ಇಲ್ಲೇ ಇದ್ದವರು ಅತಿಥಿ, ಎರಡು ದಿನದ ಹಿಂದೆ ಇಳಿದವರು ಯಜಮಾನರು. ನಮ್ಮ ಸೋಫಾದ ಮೇಲಿದ್ದ ಅತಿಥಿಯೂ ಅದೇ ಧಾಟಿಯಲ್ಲಿ, ನಮಗೇ ಕಾಫಿ ಮಾಡಿಕೊಡುವ ಮಟ್ಟಕ್ಕೆ ಬಂದಿದ್ದರು.

ಮೈದಾನವೂ ಸೋಜಿಗದ್ದೇ. ಹುಲ್ಲಿನ ಅಂಗಳ ಮೂರು ತುಂಡಾಗಿ, ಮಂಚದಡಿಗೆ ಹಾಸಿಗೆ ತಳ್ಳಿದಂತೆ ಸ್ಟ್ಯಾಂಡಿನ ಕೆಳಗೆ ಸರಿದು ಹೋಗುತ್ತದೆ. ಅದರಡಿ ಅಮೆರಿಕದವರಿಗಾಗಿ ಇನ್ನೊಂದು ಕೃತಕ ಅಂಗಳ.

ತಪ್ಪಿಗೆ ಪರಿಹಾರ ಅಂತ ಭಾವನಿಗೆ ಬಿಯರ್ ತಂದೆ. ಅಲ್ಲಿ ಬಿಯರ್ ಲೋಟದ ತಳದಿಂದ ಮೇಲಕ್ಕೆ ತುಂಬುತ್ತದೆ. ತಳದಲ್ಲಿ ತೂತು, ತೂತಿಗೆ ಆಯಸ್ಕಾಂತದ ಬಿಲ್ಲೆ ಮುಚ್ಚಳ. "ಇದು ಹೇಗೆ ಸೋರಲ್ಲ ಭಾವ?" ಅಂತ ಬೆರಳಿನಿಂದ ಬಿಲ್ಲೆಯನ್ನು ಮೇಲಕ್ಕೆ ಒತ್ತಿದೆ. ಸೋರಿತು. ಪೂರ್ತಿ ಒಂದು ಪೈಂಟ್, ಭಾವನ ಜರ್ಸಿ ಮೇಲೆ. ಸರಿಯಾಗಿ ಆಗಲೇ ಸುತ್ತ "ಡೂವಾಲ್" ಎದ್ದಿತು. ಭಾವ ಜರ್ಸಿ ಹಿಂಡುವುದರಲ್ಲಿದ್ದರು.

ಚಿರತೆಗಳು 25-20ರಿಂದ ಗೆದ್ದವು. ಹೊರಗೆ ಬರುವಾಗ ಭಾವನ ಮುಖ ಅರಳಿತ್ತು. ನನ್ನ ಮೇಲೂ ಕೋಪ ಇಳಿದಿರಬೇಕು, ಹೆಗಲ ಮೇಲೆ ಕೈ ಹಾಕಿದರು. ಹೆಗಲೂ ಅಂಟಂಟಾಯಿತು.

ಅಷ್ಟರಲ್ಲಿ ಅಕ್ಕನ ವಿಡಿಯೋ ಕಾಲ್ ಬಂತು. ಈ ಆಟದ ಗಾಳಿಗಂಧ ಇಲ್ಲದವಳು ಅವಳು. "ದೋಸೆ ಹಾಕ್ತಾ ಸುಮ್ನೆ ಟೀವಿ ಹಾಕಿದ್ದೆ ರೀ. ನಿಮ್ಮವರ ಮೊದಲನೇ ಟಚ್‌ಡೌನ್ ಎಷ್ಟು ಚೆನ್ನಾಗಿತ್ತು ಅಲ್ವಾ? ನೀವು ಎದುರಿಗೇ ನೋಡಿರ್ತೀರಿ, ಪುಣ್ಯವಂತರು."

ಸುಮಾರು ಏಳು ಸಾವಿರ ಕಿಲೋಮೀಟರ್ ಹಾರಿ ಬಂದ ಭಾವ ಒಂದು ಕ್ಷಣ ನನ್ನ ಕಡೆ ನೋಡಿದರು.

"ಹ್ಞೂಂ," ಅಂದರು. "ಚೆನ್ನಾಗಿತ್ತು."