ಸ್ಪಷ್ಟನೆ: ಗೇಮ್ ಆಡುವವರು ಏಡ್ಸ್‌ಗೆ ಮದ್ದು ಕಂಡುಹಿಡಿದಿಲ್ಲ

‘ಗೇಮ್ ಆಡುವವರು ಮೂರೇ ವಾರದಲ್ಲಿ ಏಡ್ಸ್‌ಗೆ ಮದ್ದು ಕಂಡುಹಿಡಿದರು, ಮಕ್ಕಳನ್ನು ಆಡಲು ಬಿಡಿ’ ಎಂಬ ಸಂದೇಶ ಹರಿದಾಡುತ್ತಿದೆ. ಮದ್ದಿನ ಮಾತು ತಪ್ಪು. ಪ್ರೋಟೀನ್‌ಗಳನ್ನು ಮಡಿಸುವ ಕಂಪ್ಯೂಟರ್ ಒಗಟಿನಾಟ ‘ಫೋಲ್ಡಿಟ್’ನ ಆಟಗಾರರು ಬಿಡಿಸಿದ್ದು ಕೋತಿಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸೊಂದರ ಕಿಣ್ವದ (ಅದೂ ಒಂದು ಪ್ರೋಟೀನ್) ರಚನೆಯನ್ನು. ಅದು ಪ್ರಕಟವಾದದ್ದು 2011ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ರಚನೆ ಯಾರಿಗೂ ದಕ್ಕಿರಲಿಲ್ಲ, ಹಾಗಾಗಿ ಸಾಧನೆ ದೊಡ್ಡದೇ. ಆದರೆ ಅವರ ಮಾದರಿಯನ್ನು ಎಕ್ಸ್‌-ರೇ ದತ್ತಾಂಶಕ್ಕೆ ಹೊಂದಿಸಿ ಪೂರ್ಣಗೊಳಿಸಿದವರು ವಿಜ್ಞಾನಿಗಳು. ರಚನೆ ತಿಳಿದರೆ ಔಷಧಿಗೆ ದಾರಿ ಸಿಗುತ್ತದೆ, ಔಷಧಿಯೇ ಸಿಕ್ಕಂತಲ್ಲ.

ಈ ಆಟದಿಂದ ಕಲಿಕೆಯಾದದ್ದು ಮಾತ್ರ ನಿಜ. ಆಟಗಾರರಲ್ಲಿ ಹೆಚ್ಚಿನವರು ಜೀವರಸಾಯನಶಾಸ್ತ್ರ ಓದಿದವರಲ್ಲ. ಆರಂಭದ ಒಗಟುಗಳೇ ಅವರಿಗೆ ಪಾಠ. ಅವರು ಕಲಿತದ್ದು ಪ್ರೋಟೀನ್‌ನ ಉದ್ದ ಸರಪಳಿಯನ್ನು ಸರಿಯಾದ ಆಕಾರಕ್ಕೆ ಮಡಿಸುವುದನ್ನು. ಇದನ್ನು ತೋರಿಸಿ ಶೂಟಿಂಗ್ ಗೇಮ್‌ನಿಂದ ಗಣಿತ ಬರುತ್ತದೆ ಎನ್ನಲಾಗದು. ಫೋಲ್ಡಿಟ್‌ನಲ್ಲಿ ಆಟದ ನಿಯಮವೇ ವಿಷಯದ ನಿಯಮ. ನೀರನ್ನು ಒಲ್ಲದ ಕಿತ್ತಳೆ ಬಣ್ಣದ ಭಾಗಗಳನ್ನು ಒಳಗೆ ತಳ್ಳಬೇಕು, ನೀಲಿಯವನ್ನು ಹೊರಗಿಡಬೇಕು. ಎರಡು ಭಾಗ ತೀರಾ ಒತ್ತಿಕೊಂಡರೆ ಕೆಂಪು ಮುಳ್ಳು ಕಾಣಿಸಿ ಅಂಕ ಕುಸಿಯುತ್ತದೆ. ಹೊಸಬರು ಎಡವುವುದು, ಆಕಾರವನ್ನು ತಾನಾಗಿಯೇ ಅಲುಗಿಸಿ ಸರಿಪಡಿಸುವ ‘ವಿಗಲ್’ ಗುಂಡಿಯಲ್ಲಿ. ಅದು ಸಣ್ಣಪುಟ್ಟ ಸುಧಾರಣೆಯನ್ನಷ್ಟೇ ಹುಡುಕುತ್ತದೆ, ಸ್ವಲ್ಪ ಹೊತ್ತಿಗೆ ಅಂಕ ನಿಂತುಬಿಡುತ್ತದೆ. ಆಗ ಗಳಿಸಿದ ಅಂಕ ಬಿಟ್ಟುಕೊಟ್ಟು, ಮಡಿಕೆಯನ್ನೇ ಬಿಚ್ಚಿ, ಬೇರೆ ದಿಕ್ಕಿನಿಂದ ಮತ್ತೆ ಮಡಿಸಬೇಕು.