ಹಳೆಯ ಡಿಎಲ್‌ಎಲ್ ಎಸೆಯುವ ಮುನ್ನ
ಹಳೆಯ ಪ್ರೋಗ್ರಾಮಿಂಗ್ ಭಾಷೆ ವಿಷುವಲ್ ಬೇಸಿಕ್ 6ರ ಕಾಂಪೊನೆಂಟ್‌ಗಳನ್ನು (ತಂತ್ರಾಂಶದ ಬಿಡಿಭಾಗಗಳನ್ನು) ಎಸೆದು ಎಲ್ಲವನ್ನೂ ಮೈಕ್ರೋಸಾಫ್ಟ್‌ನ ನಂತರದ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ಹೊಸದಾಗಿ ಬರೆಯಿರಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯೊಂದರ ತಂತ್ರಾಂಶವನ್ನು ನೋಡಿಕೊಳ್ಳುವವನು ನಾನು. ತೂಕ, ಹಮಾಲಿ, ಕಮಿಷನ್ ಎಲ್ಲದರ ಲೆಕ್ಕವೂ ಅಂಥದೇ ಒಂದು ಹಳೆಯ ಡಿಎಲ್‌ಎಲ್‌ನಲ್ಲೇ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್ ಕಡತದಲ್ಲೇ, ಇದೆ. ವರ್ಷಗಟ್ಟಲೆ ಪೈಸೆ ತಪ್ಪದ ಲೆಕ್ಕ ಅದು. ಅದಕ್ಕೊಂದು ಹೊದಿಕೆ ಸಾಕು, ಅಂದರೆ ಹೊಸ ಪ್ರೋಗ್ರಾಂಗೂ ಹಳೆಯ ಡಿಎಲ್‌ಎಲ್‌ಗೂ ನಡುವೆ ನಿಲ್ಲುವ ಸಣ್ಣ ಕೋಡ್. ಆದರೆ ಆ ಡಿಎಲ್‌ಎಲ್ 32 ಬಿಟ್‌ನದು, 64 ಬಿಟ್ ಪ್ರಕ್ರಿಯೆಯೊಳಗೆ (ಓಡುತ್ತಿರುವ ಪ್ರೋಗ್ರಾಂನೊಳಗೆ) ಸೇರುವುದಿಲ್ಲ. ಹೊಸ ಪ್ರೋಗ್ರಾಂ ಅನ್ನೂ 32 ಬಿಟ್‌ಗೇ ಕಟ್ಟಬೇಕು, ಇಲ್ಲವೇ ಡಿಎಲ್‌ಎಲ್ ಅನ್ನು ಬೇರೆ ಪ್ರಕ್ರಿಯೆಯಲ್ಲಿ ಓಡಿಸಬೇಕು. ನಿಜವಾದ ತೊಡಕು ನಮ್ಮ ಕನ್ನಡದ್ದು. ರೈತರ ಹೆಸರುಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿವೆ. ಅಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ರಕಾರವೇ ಮೊದಲು. ನುಡಿಯಿಂದ ಯುನಿಕೋಡ್‌ಗೆ ಪರಿವರ್ತನೆಯನ್ನು ಹೊದಿಕೆಯೊಳಗೇ ಮಾಡಿ, ಮೊದಲು ಅರ್ಕಾವತ್ತಿರುವ ‘ಕರ್ಜಗಿ’ ಎಂಬ ಊರಿನ ಹೆಸರನ್ನು ಕೊಟ್ಟು ಪರೀಕ್ಷಿಸಿ.